ಪ್ರೋಗ್ರಾಮಿಂಗ್ ಕಲಿಯೋಕೆ ಎಷ್ಟು ದಿನ ಬೇಕು? ತಿಂಗಳು ಬಿಡಿ, ಗಂಟೆ ಎಣಿಸಿ

ಈ ಪ್ರಶ್ನೆಗೆ ಮೂರು ತಿಂಗಳು ಅಂದರೂ ಸುಳ್ಳಲ್ಲ, ಮೂರು ವರ್ಷ ಅಂದರೂ ಸುಳ್ಳಲ್ಲ. ಅದಕ್ಕೇ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಕೇಳಿದವರಿಗೆ ತಲೆ ಕೆಡುತ್ತದೆ. ಬೆಂಗಳೂರಿನ ಬಿಟಿಎಂ, ಮಾರತಹಳ್ಳಿ ಕಡೆ ಓಡಾಡಿದರೆ ಮೂರೇ ತಿಂಗಳಲ್ಲಿ ಫುಲ್ ಸ್ಟ್ಯಾಕ್ (ವೆಬ್‌ಸೈಟಿನ ಕಣ್ಣಿಗೆ ಕಾಣುವ ಭಾಗ, ಹಿಂದೆ ನಡೆಯುವ ಭಾಗ ಎರಡೂ) ಕಲಿಸ್ತೀವಿ ಅನ್ನುವ ಥರದ ಬೋರ್ಡ್‌ಗಳು ಕಾಣುತ್ತವೆ. ಇನ್ನೊಂದು ಕಡೆ ನಾಲ್ಕು ವರ್ಷ ಇಂಜಿನಿಯರಿಂಗ್ ಓದಿ ಬಂದವರನ್ನೂ ಎಷ್ಟೋ ಕಂಪನಿಗಳು ಸೀದಾ ಕೆಲಸಕ್ಕೆ ಹಚ್ಚೋದಿಲ್ಲ, ಮೊದಲು ತಿಂಗಳುಗಟ್ಟಲೆ ಟ್ರೈನಿಂಗ್ ಕೊಡುತ್ತವೆ. ಇನ್ಫೋಸಿಸ್ ಅಂತೂ ಅದಕ್ಕೇ ಅಂತ ಮೈಸೂರಲ್ಲಿ ಒಂದು ದೊಡ್ಡ ಕ್ಯಾಂಪಸ್ಸನ್ನೇ ಕಟ್ಟಿದೆ.

ಮೊದಲನೇ ತೊಂದರೆ ಏನಂದರೆ ತಿಂಗಳು ಅನ್ನುವ ಅಳತೆಯೇ ಸರಿಯಿಲ್ಲ. ದಿನಕ್ಕೆ 8 ಗಂಟೆಯಂತೆ ತಿಂಗಳಲ್ಲಿ 25 ದಿನ ಕೂತವರಿಗೆ 200 ಗಂಟೆ ಆಗುತ್ತದೆ. ವಾರಕ್ಕೆ 2 ಗಂಟೆ ಕೂರುವವರಿಗೆ ಅಷ್ಟೇ ಆಗೋಕೆ ಎರಡು ವರ್ಷ ಬೇಕು. ಇಬ್ಬರೂ "ಕಲೀತಾ ಇದೀನಿ" ಅಂತಲೇ ಹೇಳುತ್ತಾರೆ. ಹಾಗಾಗಿ ಇಲ್ಲಿ ಪೂರ್ತಿ ಗಂಟೆ ಲೆಕ್ಕದಲ್ಲೇ ಮಾತಾಡೋಣ.

ಗಂಟೆ ಅಂದರೆ ಯಾವ ಗಂಟೆ ಅನ್ನೋದನ್ನೂ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಕೈ ಕೀಬೋರ್ಡ್ ಮೇಲಿದ್ದು, ನೀವೇ ಟೈಪ್ ಮಾಡಿ, ನೀವೇ ರನ್ ಮಾಡಿ, ಬಂದ ಎರರ್ ಜೊತೆ ನೀವೇ ಗುದ್ದಾಡಿದ್ದು ಮಾತ್ರ ಲೆಕ್ಕಕ್ಕೆ. ವಿಡಿಯೋ ನೋಡಿದ್ದನ್ನು ಸೇರಿಸಬೇಡಿ. ಯೂಟ್ಯೂಬಲ್ಲಿ ಜೋಳದ ರೊಟ್ಟಿ ತಟ್ಟೋದನ್ನು ನೂರು ಸಲ ನೋಡಿದರೂ ಮೊದಲನೇ ರೊಟ್ಟಿ ಹರಿದೇ ಹರಿಯುತ್ತದೆ ಅಲ್ವಾ, ಇದೂ ಹಾಗೆಯೇ. ಪಾಠ ಹೇಳುವವರು ಚೆನ್ನಾಗಿ ಹೇಳಿದಷ್ಟೂ ನಮಗೇ ಬಂತು ಅನ್ನಿಸಿಬಿಡುತ್ತದೆ, ಅದೇ ಅಪಾಯ.

ಸರಿ, ಎಷ್ಟು ಗಂಟೆ?

ನನ್ನ ಅಂದಾಜು ಹೇಳುತ್ತೇನೆ. ಹೊಸದಾಗಿ ಕಲಿಯುವವರನ್ನು ನೋಡಿ ಕಟ್ಟಿಕೊಂಡ ಅಂದಾಜು, ಶಾಸನವೇನಲ್ಲ. ಕಂಪ್ಯೂಟರ್ ಬಳಕೆ ಅಭ್ಯಾಸ ಇದ್ದು, ಪ್ರೋಗ್ರಾಮಿಂಗ್ ಮಾತ್ರ ಹೊಸದು ಅನ್ನುವವರಿಗೆ 80 ಗಂಟೆ ಹೊತ್ತಿಗೆ ಸಣ್ಣಪುಟ್ಟ ಪ್ರೋಗ್ರಾಂಗಳನ್ನು ಯಾರ ಸಹಾಯವೂ ಇಲ್ಲದೆ ಬರೆಯೋಕೆ ಬರಬೇಕು. 300 ಗಂಟೆ ಹೊತ್ತಿಗೆ ಮನೆಗೋ ಆಫೀಸಿಗೋ ನಿಜವಾಗಿ ಉಪಯೋಗಕ್ಕೆ ಬರುವಂಥದ್ದನ್ನು ಮಾಡಬಹುದು. ಕೆಲಸಕ್ಕೆ ಅರ್ಜಿ ಹಾಕಿ ಇಂಟರ್‌ವ್ಯೂನಲ್ಲಿ ಕೂತು ಮಾತಾಡುವ ಮಟ್ಟಕ್ಕೆ 800ರಿಂದ 1000 ಗಂಟೆ. ಇದು ಜಾಸ್ತಿ ಅನ್ನಿಸಿದರೆ ಇನ್ನೊಂದು ಲೆಕ್ಕ ನೋಡಿ. ಫ್ರೀಕೋಡ್‌ಕ್ಯಾಂಪ್ ಅನ್ನುವ ಉಚಿತ ವೆಬ್‌ಸೈಟ್ 2014ರಿಂದ ಪ್ರೋಗ್ರಾಮಿಂಗ್ ಕಲಿಸುತ್ತಾ ಬಂದಿದೆ, ತನ್ನ ಒಂದೊಂದು ಸರ್ಟಿಫಿಕೇಟಿಗೂ ಸುಮಾರು 300 ಗಂಟೆ ಅಂತ ಅದೇ ಹೇಳಿಕೊಂಡು ಬಂದಿತ್ತು. ಅಂಥ ಸರ್ಟಿಫಿಕೇಟ್ ಒಂದು ಮುಗಿಸಿದವರಿಗೂ ಮರುದಿನವೇ ಕೆಲಸ ಸಿಗೋದಿಲ್ಲ.

ಈಗ ಇದನ್ನು ನಿಮ್ಮ ದಿನಕ್ಕೆ ಭಾಗಿಸಿ. ದಿನಕ್ಕೆ 1 ಗಂಟೆ, ವಾರಕ್ಕೆ 6 ದಿನ ಅಂದರೆ 80 ಗಂಟೆಗೆ ಮೂರು ತಿಂಗಳಿಗಿಂತ ಸ್ವಲ್ಪ ಜಾಸ್ತಿ. 300 ಗಂಟೆಗೆ ಒಂದು ವರ್ಷ. 900 ಗಂಟೆಗೆ ಮೂರು ವರ್ಷ! ಅದೇ ದಿನಕ್ಕೆ 3 ಗಂಟೆ ಕೂತರೆ 900 ಗಂಟೆ ಒಂದು ವರ್ಷದಲ್ಲಿ ಮುಗಿಯುತ್ತದೆ. "ದಿನಕ್ಕೆ ಒಂದು ಗಂಟೆ ಕೂತರೆ ಆರು ತಿಂಗಳಲ್ಲಿ ಐಟಿ ಕೆಲಸ" ಅಂತ ಯಾರಾದರೂ ಹೇಳಿದರೆ, ಗುಣಾಕಾರ ಮಾಡಿ ನೋಡಿ. 150 ಗಂಟೆ ಚಿಲ್ಲರೆ ಬರುತ್ತದೆ, ಅಷ್ಟೇ.

ನಿಮಗೆ ಯಾತಕ್ಕೆ ಬೇಕು ಅನ್ನೋದರ ಮೇಲೆ ಯಾವ ಸಂಖ್ಯೆ ಹಿಡಿಯಬೇಕು ಅನ್ನೋದು ನಿಂತಿದೆ. ಆಫೀಸಲ್ಲಿ ತಿಂಗಳಿಗೊಮ್ಮೆ 30 ಎಕ್ಸೆಲ್ ಫೈಲ್ ತೆಗೆದು ಒಂದಕ್ಕೆ ಸೇರಿಸುವ ಕೆಲಸ ಇದೆ, ಅದನ್ನು ತಪ್ಪಿಸಿಕೊಳ್ಳಬೇಕು ಅನ್ನುವ ಅಕೌಂಟ್ಸ್‌ನವರಿಗೆ 1000 ಗಂಟೆ ಬೇಡವೇ ಬೇಡ. ನೂರು, ನೂರಿಪ್ಪತ್ತು ಗಂಟೆಯಲ್ಲಿ ಆ ಕೆಲಸ ಆಗುತ್ತದೆ. ಬಿಸಿಎ, ಡಿಪ್ಲೊಮಾ ಓದುವ ಹುಡುಗ ಹುಡುಗಿಯರಿಗೆ ಕಾಲೇಜಿನ ಲ್ಯಾಬ್ ಹೇಗೂ ಇದೆ. ಆದರೆ ಲ್ಯಾಬಿನಲ್ಲಿ ರೆಕಾರ್ಡ್ ಬುಕ್ ನೋಡಿ ಟೈಪ್ ಮಾಡಿದ್ದನ್ನು ಗಂಟೆ ಲೆಕ್ಕಕ್ಕೆ ಹಿಡಿಯಬೇಡಿ. ಬೇರೆ ಕೆಲಸದಿಂದ ಐಟಿಗೆ ಬರಬೇಕು ಅನ್ನುವವರು ಮಾತ್ರ ದೊಡ್ಡ ಸಂಖ್ಯೆ ಹಿಡಿಯಬೇಕು. ಅದಕ್ಕೆ ಮುಂಚೆ ಮನೆಯವರ ಜೊತೆ ಕೂತು ಮಾತಾಡಬೇಕು, ಅದನ್ನು ಆಮೇಲೆ ಹೇಳುತ್ತೇನೆ.

ಭಾನುವಾರದ ಏಳು ಗಂಟೆ ಬೇಡ

"ವಾರದ ದಿನ ಟೈಮೇ ಸಿಗೋಲ್ಲ, ಭಾನುವಾರ ಒಟ್ಟಿಗೆ ಕೂತು ಹೊಡೆದುಬಿಡ್ತೀನಿ" ಅನ್ನುವವರು ಬಹಳ. ಕಾಗದದ ಮೇಲೆ ಏಳು ಗಂಟೆ ಏಳು ಗಂಟೆಯೇ. ನಿಜದಲ್ಲಿ ಮೂರನೇ ಗಂಟೆಗೆ ತಲೆ ಭಾರ, ನಾಲ್ಕನೇ ಗಂಟೆಗೆ ಮೊಬೈಲ್. ಮುಂದಿನ ಭಾನುವಾರ ಬರುವಷ್ಟರಲ್ಲಿ ಅರ್ಧ ಮರೆತಿರುತ್ತದೆ, ಅದನ್ನು ನೆನಪು ಮಾಡಿಕೊಳ್ಳೋಕೇ ಮೊದಲ ಗಂಟೆ ಹೋಗುತ್ತದೆ. ಅದರ ಮಧ್ಯೆ ಒಂದು ಮದುವೆ, ಒಂದು ಗೃಹಪ್ರವೇಶ ಬಂತು ಅಂದರೆ ಹದಿನಾಲ್ಕು ದಿನದ ಗ್ಯಾಪ್. ದಿನಾ ಮುಕ್ಕಾಲು ಗಂಟೆ ಕೂತರೂ ಪರವಾಗಿಲ್ಲ, ಆದರೆ ದಿನಾ ಕೂರಬೇಕು. ಮುಕ್ಕಾಲು ಗಂಟೆಗಿಂತ ಕಡಿಮೆ ಬೇಡ. ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆ ಅಂತ ನೆನಪಿಗೆ ತಂದುಕೊಳ್ಳೋಕೇ ಹತ್ತು ನಿಮಿಷ ಬೇಕು.

ಯಾವ ಹೊತ್ತು ಅಂತ ಕೇಳಿದರೆ, ಬೆಳಿಗ್ಗೆ. ಇದು ಉಪದೇಶ ಅಲ್ಲ. ರಾತ್ರಿ ಊಟ ಆದ ಮೇಲೆ ಎರರ್ ನೋಡಿದರೆ ಸಿಟ್ಟು ಬರುತ್ತದೆ, ಬೆಳಿಗ್ಗೆ ನೋಡಿದರೆ ಉತ್ತರ ಹೊಳೆಯುತ್ತದೆ. ಬೆಂಗಳೂರಲ್ಲಿ ಬಸ್ಸಿನಲ್ಲೋ ಮೆಟ್ರೋದಲ್ಲೋ ದಿನಕ್ಕೆ ಎರಡು ಗಂಟೆ ಕಳೆಯುವವರು ಆ ಟೈಮನ್ನು ವಿಡಿಯೋ ನೋಡೋಕೆ, ಓದೋಕೆ ಇಟ್ಟುಕೊಳ್ಳಿ, ಬೆಳಗಿನ ಗಂಟೆಯನ್ನು ಟೈಪ್ ಮಾಡೋಕೆ ಉಳಿಸಿ. ಮಕ್ಕಳನ್ನು ಶಾಲೆಗೆ ಕಳಿಸಿ ಮನೆಯಲ್ಲಿರುವವರಿಗೆ ಹನ್ನೊಂದರ ಹೊತ್ತು ಒಳ್ಳೆಯದು, ಆದರೆ ಆ ಹೊತ್ತಿಗೇ ಕೊರಿಯರ್, ಗ್ಯಾಸ್, ಪಕ್ಕದ ಮನೆಯವರು ಎಲ್ಲ ಬರುತ್ತಾರೆ. "ಹನ್ನೊಂದರಿಂದ ಹನ್ನೆರಡು ನನಗೆ ಕ್ಲಾಸ್ ಇದೆ" ಅಂತ ಹೇಳಿಬಿಡಿ. ಕ್ಲಾಸ್ ಅಂದರೆ ಜನ ಮರ್ಯಾದೆ ಕೊಡುತ್ತಾರೆ, "ಸುಮ್ನೆ ಏನೋ ಕಲೀತಾ ಇದೀನಿ" ಅಂದರೆ ಕೊಡೋದಿಲ್ಲ. ಕರೆಂಟ್ ಹೋಗುವ ಊರಾದರೆ ಹೋಗುವ ಟೈಮ್ ನಿಮಗೆ ಗೊತ್ತೇ ಇರುತ್ತದೆ, ಅದು ಬಿಟ್ಟು ಬೇರೆ ಹೊತ್ತು ಹಿಡಿಯಿರಿ.

ಒಂದು ಗಂಟೆಯೊಳಗೆ ಏನು ಮಾಡಬೇಕು? ಮೊದಲ ಹತ್ತು ನಿಮಿಷ ನಿನ್ನೆ ಬರೆದದ್ದನ್ನು ಹೊಸ ಫೈಲಿನಲ್ಲಿ, ನೋಡದೆ, ಮತ್ತೆ ಬರೆಯಿರಿ. ಬೇಜಾರು ಅನ್ನಿಸುತ್ತದೆ, ಆದರೂ ಬಿಡಬೇಡಿ. ಇದೊಂದು ಅಭ್ಯಾಸ ಮಾಡುವಷ್ಟು ಕೆಲಸ ಇನ್ಯಾವುದೂ ಮಾಡೋದಿಲ್ಲ. ಆಮೇಲೆ ಅರ್ಧ ಗಂಟೆ ಹೊಸ ವಿಷಯ. ಉಳಿದ ಟೈಮಲ್ಲಿ ಆ ಹೊಸ ವಿಷಯವನ್ನು ಬೇಕಂತಲೇ ಕೆಡಿಸಿ ನೋಡಿ: ಕೋಲನ್ ತೆಗೆಯಿರಿ, ಬ್ರಾಕೆಟ್ ಬಿಡಿ, ಒಂದು ಸ್ಪೇಸ್ ಜಾಸ್ತಿ ಹಾಕಿ. ಯಾವ ತಪ್ಪಿಗೆ ಯಾವ ಎರರ್ ಬರುತ್ತದೆ ಅಂತ ಮೊದಲೇ ಮುಖಪರಿಚಯ ಇದ್ದರೆ ಮುಂದೆ ಹೆದರಿಕೆ ಆಗೋದಿಲ್ಲ. ನಿಲ್ಲಿಸುವಾಗ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಎಷ್ಟು ಹೊತ್ತು, ನಾಳೆ ಏನು ಅಂತ ಒಂದೇ ಸಾಲು. ಗಂಟೆ ಕೂಡಿಸೋಕೆ ಆಪ್ ಬೇಡ, ಆ ಪುಸ್ತಕ ಸಾಕು.

ಹಾಲಿನ ಲೆಕ್ಕ: ಹತ್ತು ಗಂಟೆ ಎಲ್ಲಿಗೆ ಹೋಗುತ್ತದೆ ಅಂತ ನೋಡಿ

ಇಷ್ಟೊಂದು ಗಂಟೆ ಯಾಕೆ ಬೇಕು ಅನ್ನುವವರಿಗೆ ಒಂದು ಉದಾಹರಣೆ. ಊರಿನ ಡೈರಿಗೆ ಬೆಳಿಗ್ಗೆ ಸಂಜೆ ಹಾಲು ಹಾಕುತ್ತೀರಿ, ಬಟವಾಡೆ ಸರಿ ಬಂತಾ ಅಂತ ನೋಡೋಕೆ ಒಂದು ಪುಟ್ಟ ಪ್ರೋಗ್ರಾಂ ಬೇಕು. ಬಾಯಲ್ಲಿ ಹೇಳಿದರೆ ಎರಡೇ ಸಾಲು: ಎರಡು ಹೊತ್ತಿನ ಹಾಲು ಕೂಡಿಸು, ದರದಿಂದ ಗುಣಿಸು. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇನ್‌ಪುಟ್ ಅನ್ನುವ ಫಂಕ್ಷನ್ (ಒಂದು ಕೆಲಸ ಮಾಡಿಕೊಡುವ ಸಿದ್ಧ ಆಜ್ಞೆ) ಬಳಸಿ ಬೆಳಿಗ್ಗೆ ಎಷ್ಟು ಅಂತ ಕೇಳುತ್ತೀರಿ, 6 ಅಂತ ಕೊಡುತ್ತೀರಿ. ಸಂಜೆ ಎಷ್ಟು? 5. ಕೂಡಿಸಿ ಪ್ರಿಂಟ್ ಮಾಡಿದರೆ 65 ಅಂತ ಬರುತ್ತದೆ.

ಹನ್ನೊಂದು ಬರಬೇಕಿತ್ತು, ಅರವತ್ತೈದು ಬಂತು. ಯಾಕೆ? ಇನ್‌ಪುಟ್‌ನಿಂದ ಬರುವುದು ಸಂಖ್ಯೆ ಅಲ್ಲ, ಅಕ್ಷರ, ಅದಕ್ಕೆ ಸ್ಟ್ರಿಂಗ್ ಅಂತಾರೆ. ಪೈಥಾನ್ ಪಾಲಿಗೆ ಆ 6 ಮತ್ತು 5 ಬರೀ ಬರವಣಿಗೆ. ಅಕ್ಷರಕ್ಕೆ ಅಕ್ಷರ ಕೂಡಿಸಿದರೆ ಪಕ್ಕಪಕ್ಕ ಜೋಡಿಸುತ್ತದೆ. ಅದನ್ನು ಗಮನಿಸದೆ ಮುಂದೆ ಹೋಗಿ 35 ರೂಪಾಯಿ ದರದಿಂದ ಗುಣಿಸಿದರೆ ಇನ್ನೂ ಮಜಾ. ಎರರ್ ಕೂಡ ಬರೋದಿಲ್ಲ. 65 ಅನ್ನೋದನ್ನೇ 35 ಸಲ ಒಂದರ ಪಕ್ಕ ಒಂದು ಬರೆದು, 70 ಅಂಕಿಯ ಒಂದು ಸಾಲು ನಿಮ್ಮ ಮುಂದೆ ಇಡುತ್ತದೆ. ಅಷ್ಟು ಬಟವಾಡೆ ಯಾವ ಡೈರಿಯೂ ಕೊಡೋದಿಲ್ಲ.

ಇದಕ್ಕೆ ಮದ್ದು ಇಂಟ್ ಅನ್ನುವ ಫಂಕ್ಷನ್ ಅಂತ ಹುಡುಕುತ್ತೀರಿ, ಹಾಕುತ್ತೀರಿ, ಈಗ 11 ಬರುತ್ತದೆ, ಖುಷಿ. ಮರುದಿನ ಹಾಲು ಆರೂವರೆ ಲೀಟರ್. 6.5 ಅಂತ ಕೊಟ್ಟ ಕೂಡಲೇ ವ್ಯಾಲ್ಯೂ ಎರರ್. ಇಂಟ್‌ಗೆ ಪೂರ್ಣ ಸಂಖ್ಯೆ ಮಾತ್ರ ಗೊತ್ತು, ದಶಮಾಂಶಕ್ಕೆ ಫ್ಲೋಟ್ ಬೇಕು. ಫ್ಲೋಟ್ ಹಾಕಿದ ಮೇಲೆ ಒಂದು ದಿನ ಸಂಜೆ ಹಾಲು ಹಾಕಲಿಲ್ಲ, ಏನೂ ಕೊಡದೆ ಎಂಟರ್ ಒತ್ತಿದಿರಿ, ಮತ್ತೆ ಎರರ್. ಖಾಲಿ ಬಿಟ್ಟರೆ ಸೊನ್ನೆ ಅಂತ ತಿಳಿದುಕೋ ಅಂತ ಇಫ್ ಬರೆಯಬೇಕು. ಹೀಗೆ ದಶಮಾಂಶದ ಜೊತೆ ಆಡುವಾಗ ಯಾವತ್ತೋ ಒಂದು ದಿನ 0.1ಕ್ಕೆ 0.2 ಕೂಡಿಸಿದರೆ 0.30000000000000004 ಅಂತ ಬರೋದನ್ನು ನೋಡುತ್ತೀರಿ. ಪೈಥಾನ್ ಕೆಟ್ಟಿಲ್ಲ. ಕಂಪ್ಯೂಟರ್ ಒಳಗೆ ಎಲ್ಲವೂ ಎರಡರ ಲೆಕ್ಕದಲ್ಲಿ ಇರೋದರಿಂದ 0.1 ಅನ್ನೋದನ್ನು ಪೂರ್ತಿ ಸರಿಯಾಗಿ ಬರೆಯೋಕೆ ಅದಕ್ಕೆ ಆಗೋದಿಲ್ಲ. ದುಡ್ಡಿನ ಲೆಕ್ಕವನ್ನು ಪೈಸೆಗೆ ತಿರುಗಿಸಿ ಪೂರ್ಣ ಸಂಖ್ಯೆಯಲ್ಲೇ ಇಟ್ಟುಕೊಳ್ಳೋದು ಇದಕ್ಕಿರುವ ಹಳೇ ಉಪಾಯ.

ಆಮೇಲೆ ಹದಿನೈದು ದಿನಕ್ಕೂ ಲೆಕ್ಕ ಬೇಕು, ಲೂಪ್ ಕಲಿಯಿರಿ. ದಿನದಿನದ್ದು ನೆನಪಿಟ್ಟುಕೊಳ್ಳಬೇಕು, ಲಿಸ್ಟ್ ಕಲಿಯಿರಿ. ಪ್ರೋಗ್ರಾಂ ಮುಚ್ಚಿದರೆ ಎಲ್ಲ ಹೋಯಿತು, ಫೈಲಿಗೆ ಬರೆಯೋದು ಕಲಿಯಿರಿ. ಫ್ಯಾಟ್, ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡಿ ದರ ಬದಲಾಗುತ್ತದೆ, ಡಿಕ್ಷನರಿ ಕಲಿಯಿರಿ. ಗೊತ್ತಿದ್ದವರು ಅರ್ಧ ಗಂಟೆಯಲ್ಲಿ ಬರೆದು ಬಿಸಾಕುವ ಇದಕ್ಕೆ ಹೊಸಬರಿಗೆ ಹತ್ತು, ಹನ್ನೆರಡು ಗಂಟೆ ಆರಾಮಾಗಿ ಹಿಡಿಯುತ್ತದೆ. ಆ ಗಂಟೆಗಳು ದಂಡ ಅಲ್ಲ. ವಿಡಿಯೋ ಪಾಠದಲ್ಲಿ "ಇನ್‌ಪುಟ್ ಸ್ಟ್ರಿಂಗ್ ಕೊಡುತ್ತದೆ" ಅಂತ ಐದು ಸೆಕೆಂಡಿನಲ್ಲಿ ಹೇಳಿ ಮುಗಿಸಿದ್ದು, ಈ 65 ನೋಡಿದ ಮೇಲೆ ಜನ್ಮದಲ್ಲಿ ಮರೆಯೋದಿಲ್ಲ.

ಅಂದ ಹಾಗೆ, ಪೈಥಾನ್ 3ರಲ್ಲಿ ವೇರಿಯಬಲ್ (ಸಂಖ್ಯೆಯನ್ನೋ ಪದವನ್ನೋ ಹಾಕಿಡುವ ಡಬ್ಬಿ) ಹೆಸರನ್ನು ಕನ್ನಡದಲ್ಲೇ ಇಡಬಹುದು. ಬೆಳಿಗ್ಗೆ, ಸಂಜೆ, ದರ ಅಂತಲೇ ಬರೆದರೆ ಕೆಲಸ ಮಾಡುತ್ತದೆ. ಎಸ್‌ಎನ್‌ಎಫ್ ಥರದ ಹೆಸರಿಟ್ಟರೆ ಮಾತ್ರ ಎರರ್ ಬರುತ್ತದೆ, ಯಾಕಂದರೆ ಒತ್ತು ಬರದಂತೆ ತಡೆಯೋಕೆ ನಾವು ಟೈಪ್ ಮಾಡುವಾಗ ಮಧ್ಯೆ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿರುತ್ತದೆ, ಪೈಥಾನ್ ಅದನ್ನು ಒಪ್ಪೋದಿಲ್ಲ. ಇನ್ನೊಂದು: "ಕನ್ನಡ" ಅನ್ನುವ ಪದದ ಉದ್ದ ಎಷ್ಟು ಅಂತ ಪೈಥಾನ್‌ಗೆ ಕೇಳಿ. ನಾವು ಮೂರು ಅಂತೀವಿ, ಅದು 5 ಅನ್ನುತ್ತದೆ. ಕ, ನ, ಹಲಂತದ ಗುರುತು, ಇನ್ನೊಂದು ನ, ಡ. ಕೆಲಸಕ್ಕೆ ಸೇರಿದ ಮೇಲೆ ಇಂಗ್ಲಿಷಲ್ಲೇ ಹೆಸರಿಡಬೇಕು, ಅದು ಬೇರೆ ಮಾತು. ಮೊದಲ ತಿಂಗಳು ಕನ್ನಡದಲ್ಲಿ ಬರೆದರೆ ಯಾವುದು ಪೈಥಾನ್‌ನ ಮಾತು, ಯಾವುದು ನಾವಿಟ್ಟ ಹೆಸರು ಅನ್ನೋದು ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ.

ಇಂಗ್ಲಿಷ್ ಎಷ್ಟು ಬೇಕು?

ಕನ್ನಡ ಮೀಡಿಯಂನಲ್ಲಿ ಓದಿದವರು ಇದನ್ನು ಕೇಳಿಯೇ ಕೇಳುತ್ತಾರೆ. ಪೈಥಾನ್ ತನಗೇ ಅಂತ ಕಾಯ್ದಿಟ್ಟ ಇಂಗ್ಲಿಷ್ ಪದಗಳು 35. ಇಫ್, ಎಲ್ಸ್, ಫಾರ್, ವೈಲ್ ಅಂಥವು. ಮೊದಲ 80 ಗಂಟೆಗೆ ಅದರಲ್ಲೂ ಅರ್ಧ ಸಾಕು. ಇದಲ್ಲದೆ ಎರರ್ ಮೆಸೇಜ್ ಓದೋಕೆ ಬರಬೇಕು. ಅದನ್ನು ಕೆಳಗಿನಿಂದ ಓದಿ: ಕೊನೇ ಸಾಲಿನಲ್ಲಿ ಏನು ತಪ್ಪು ಅಂತ ಇರುತ್ತದೆ, ಅದರ ಮೇಲೆ ಎಷ್ಟನೇ ಸಾಲಿನಲ್ಲಿ ಅಂತ ಇರುತ್ತದೆ. ಪದೇ ಪದೇ ಬರುವ ಎರರ್ ಎಂಟೋ ಹತ್ತೋ, ಅವನ್ನು ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಕನ್ನಡದಲ್ಲಿ ಅರ್ಥದ ಸಮೇತ ಬರೆದಿಟ್ಟುಕೊಳ್ಳಿ. ಇಂಗ್ಲಿಷ್ ನಿಜವಾಗಿ ಅಡ್ಡ ಬರೋದು 300 ಗಂಟೆ ದಾಟಿದ ಮೇಲೆ, ಡಾಕ್ಯುಮೆಂಟೇಶನ್ ಓದುವಾಗ. ಅಷ್ಟು ಹೊತ್ತಿಗೆ ಆ ಥರದ ಇಂಗ್ಲಿಷ್ ಓದಿ ಓದಿಯೇ ಅಭ್ಯಾಸ ಆಗಿರುತ್ತದೆ. ಈ ಭಯಕ್ಕೆ ಮೊದಲು ಆರು ತಿಂಗಳು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹೋಗಿ ಆಮೇಲೆ ಪ್ರೋಗ್ರಾಮಿಂಗ್ ಅಂತ ಮುಂದಕ್ಕೆ ಹಾಕಬೇಡಿ.

ಎಲ್ಲಿ ಕಲಿಯೋದು, ಏನು ಖರ್ಚು

ಯಾವ ಭಾಷೆ ಅಂತ ವಾರಗಟ್ಟಲೆ ಹುಡುಕಬೇಡಿ. ಕಾಲೇಜಿನಲ್ಲಿ ಸಿ ಇದ್ದರೆ ಸಿ. ವೆಬ್‌ಸೈಟ್ ಮಾಡೋದೇ ಆಸೆ ಅಂದರೆ ಜಾವಾಸ್ಕ್ರಿಪ್ಟ್. ಉಳಿದವರೆಲ್ಲ ಪೈಥಾನ್. 1991ರಲ್ಲಿ ಬಂದ ಭಾಷೆ, ಇವತ್ತಿಗೂ ಹೊಸಬರಿಗೆ ಕಲಿಸೋಕೆ ಜಾಸ್ತಿ ಬಳಕೆಯಲ್ಲಿರುವಂಥದ್ದು. ಒಂದು ಭಾಷೆಯಲ್ಲಿ 80 ಗಂಟೆ ಹಾಕಿದರೆ ಎರಡನೇ ಭಾಷೆಗೆ ಅದರ ಅರ್ಧವೂ ಬೇಡ.

ಕೋರ್ಸ್ ಒಂದೇ ಹಿಡಿಯಿರಿ. ಎನ್‌ಪಿಟಿಇಎಲ್ ಅನ್ನುವ ಆನ್‌ಲೈನ್ ಪಾಠದ ತಾಣದಲ್ಲಿ ಐಐಟಿಗಳ ಮತ್ತು ಬೇರೆ ದೊಡ್ಡ ಸಂಸ್ಥೆಗಳ ಮೇಷ್ಟ್ರುಗಳು ಕಲಿಸುವ ಪೈಥಾನ್ ಕೋರ್ಸ್‌ಗಳು 8 ವಾರದ್ದು, 12 ವಾರದ್ದು ಇವೆ. ಸೇರೋಕೆ ದುಡ್ಡಿಲ್ಲ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕಂದರೆ ಮಾತ್ರ ಫೀಸು. ವಾರವಾರ ಅಸೈನ್‌ಮೆಂಟಿಗೆ ಕೊನೇ ದಿನ ಇರುತ್ತದೆ, ತಾವಾಗಿ ಕೂರೋಕೆ ಆಗದವರಿಗೆ ಅದೇ ಒಂದು ಹಗ್ಗ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಹತ್ತು ಹತ್ತು ನಿಮಿಷದ ಪಾಠಗಳಿವೆ, ಕನ್ನಡ ದನಿಯಲ್ಲೂ ಸಿಗುತ್ತವೆ. ಹಾರ್ವರ್ಡ್‌ನ ಸಿಎಸ್50 ಉಚಿತ, ಬಹಳ ಚೆನ್ನಾಗಿದೆ, ಆದರೆ ಅದರ ಲೆಕ್ಕಗಳು ಹೊಸಬರನ್ನು ಸರಿಯಾಗಿ ಅರೆಯುತ್ತವೆ. ವಾರಕ್ಕೆ ಆರು ಗಂಟೆ ಇರುವವರು ಅದರ ಒಂದು ವಾರದ ಪಾಠವನ್ನು ಎರಡು ವಾರಕ್ಕೆ ಹಂಚಿಕೊಳ್ಳೋದು ವಾಸಿ.

ಮೊದಲ 80 ಗಂಟೆಗೆ ಯಾರಿಗೂ ಫೀಸ್ ಕಟ್ಟಬೇಡಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ನಿಮಗೆ ಇದು ಹಿಡಿಸುತ್ತಾ ಅಂತಲೇ ಗೊತ್ತಾಗೋಕೆ ಮುಂಚೆ ಹತ್ತಾರು ಸಾವಿರ ಕಟ್ಟಿದರೆ, ಆಮೇಲೆ ಹಿಡಿಸದಿದ್ದರೂ ದುಡ್ಡಿನ ಸಂಕಟಕ್ಕೆ ಕೂರಬೇಕಾಗುತ್ತದೆ. ಆಮೇಲೆ ಇನ್‌ಸ್ಟಿಟ್ಯೂಟಿಗೆ ಸೇರುವುದಾದರೆ ಎಷ್ಟು ತಿಂಗಳು ಅಂತ ಕೇಳಬೇಡಿ. ದಿನಕ್ಕೆ ಎಷ್ಟು ಗಂಟೆ ವಿದ್ಯಾರ್ಥಿ ತಾನೇ ಬರೆಯುತ್ತಾನೆ, ಬರೆದದ್ದನ್ನು ಯಾರು ನೋಡುತ್ತಾರೆ ಅಂತ ಕೇಳಿ. "ಪ್ಲೇಸ್‌ಮೆಂಟ್ ಗ್ಯಾರಂಟಿ" ಅಂದರೆ ಅದನ್ನು ಕಾಗದದಲ್ಲಿ ಬರೆದುಕೊಡಿ ಅನ್ನಿ, ಮುಖ ನೋಡಿ.

ಮಷಿನ್ ವಿಷಯಕ್ಕೆ ಬಂದರೆ, ಪೈಥಾನ್ ಕಲಿಯೋಕೆ ಹೊಸ ಲ್ಯಾಪ್‌ಟಾಪ್ ಬೇಡ. 4 ಜಿಬಿ ರ್‍ಯಾಮ್‌ನ ಹಳೇ ಲ್ಯಾಪ್‌ಟಾಪ್ ನಡೆಯುತ್ತದೆ, ಸೆಕೆಂಡ್‌ಹ್ಯಾಂಡ್ ಕೊಳ್ಳುವುದಾದರೆ 8 ಜಿಬಿ ನೋಡಿ. ಥಾನಿ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಅದರಲ್ಲಿ ಪೈಥಾನ್ ಸೇರಿಯೇ ಬರುತ್ತದೆ, ನೆಟ್ ಬೇಡ, ಪ್ರೋಗ್ರಾಂ ಒಂದೊಂದೇ ಹೆಜ್ಜೆ ನಡೆಸಿ ಯಾವ ವೇರಿಯಬಲ್‌ನಲ್ಲಿ ಈಗ ಏನಿದೆ ಅಂತ ಪಕ್ಕದಲ್ಲೇ ತೋರಿಸುತ್ತದೆ. ಮೇಲೆ ಹೇಳಿದ 65 ಎಲ್ಲಿ ಹುಟ್ಟಿತು ಅಂತ ಅದರಲ್ಲಿ ಕಣ್ಣಾರೆ ಕಾಣಬಹುದು. ನೆಟ್ ಚೆನ್ನಾಗಿದ್ದರೆ ಗೂಗಲ್ ಕೊಲ್ಯಾಬ್ ಬ್ರೌಸರ್‌ನಲ್ಲೇ ನಡೆಯುತ್ತದೆ. ಮೊಬೈಲ್‌ನಲ್ಲೂ ಪೈಥಾನ್ ಓಡಿಸುವ ಆಪ್‌ಗಳಿವೆ, ಆದರೆ ಫೋನಿನ ಕೀಬೋರ್ಡಿನಲ್ಲಿ ಬ್ರಾಕೆಟ್, ಕೋಲನ್ ಹುಡುಕುತ್ತಾ ಕೂತರೆ ತಾಳ್ಮೆ ಕೆಡುತ್ತದೆ. ಬೇರೆ ಏನೂ ಇಲ್ಲದವರು ಫೋನಿಗೆ ಒಂದು ಬ್ಲೂಟೂತ್ ಕೀಬೋರ್ಡ್ ಆದರೂ ಸಂಪಾದಿಸಿ.

ನಡುದಾರಿಯ ಬೇಜಾರು

ಮೊದಲ 20 ಗಂಟೆ ಖುಷಿಯಾಗಿ ಹೋಗುತ್ತದೆ. ದಿನಾ ಏನೋ ಹೊಸದು, ದಿನಾ ಏನೋ ಬಂತು. ಜನ ಬಿಡೋದು 30ರಿಂದ 70ನೇ ಗಂಟೆ ಮಧ್ಯೆ. ಫಂಕ್ಷನ್, ಲಿಸ್ಟ್, ಲೂಪಿನೊಳಗೆ ಲೂಪ್ ಎಲ್ಲ ಒಟ್ಟಿಗೆ ಬಂದಿರುತ್ತವೆ. ಪಾಠ ನೋಡಿದರೆ ಅರ್ಥ ಆಗುತ್ತದೆ, ಖಾಲಿ ಫೈಲ್ ತೆರೆದರೆ ಮೊದಲ ಸಾಲು ಬರೆಯೋಕೆ ಆಗೋದಿಲ್ಲ. ಆಗ ಎಲ್ಲರೂ ಮಾಡೋದು ಒಂದೇ ಕೆಲಸ: ಈ ಕೋರ್ಸ್ ಸರಿಯಿಲ್ಲ ಅಂತ ಇನ್ನೊಂದು ಕೋರ್ಸ್ ಶುರು ಮಾಡೋದು. ಅಲ್ಲಿ ಮತ್ತೆ ವೇರಿಯಬಲ್, ಇಫ್, ಎಲ್ಲ ಗೊತ್ತಿರುವುದೇ, ಮತ್ತೆ ಖುಷಿ. 30ನೇ ಗಂಟೆಗೆ ಮತ್ತೆ ಅದೇ ಗೋಡೆ. ಹೀಗೆ ನಾಲ್ಕು ಕೋರ್ಸಿನ ಮೊದಲ ಕಾಲುಭಾಗ ಮುಗಿಸಿದವರು ಎಷ್ಟು ಬೇಕಾದರೂ ಸಿಗುತ್ತಾರೆ.

ಇಲ್ಲಿ ಕೋರ್ಸನ್ನು ಎರಡು ವಾರ ನಿಲ್ಲಿಸಿ. ಹೊಸದೇನೂ ಬೇಡ. ಗೊತ್ತಿರುವ ಇಷ್ಟರಲ್ಲೇ ಸಣ್ಣ ಸಣ್ಣವನ್ನು ಮಾಡಿ: ಚೀಟಿ ಲೆಕ್ಕ, ಎಸ್ಸೆಸ್ಸೆಲ್ಸಿ ಅಂಕದ ಶೇಕಡಾವಾರು, ಮನೆ ಸಾಲದ ಬಡ್ಡಿ, ಮದುವೆಗೆ ಕರೆಯಬೇಕಾದವರ ಪಟ್ಟಿಯಲ್ಲಿ ಒಂದೇ ಹೆಸರು ಎರಡು ಸಲ ಬಂದಿದೆಯಾ ಅಂತ ನೋಡೋದು. ಬರೆಯೋಕೆ ಮುಂಚೆ ಕಾಗದದ ಮೇಲೆ ಕನ್ನಡದಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದುಕೊಳ್ಳಿ. ಖಾಲಿ ಫೈಲಿನ ಮುಂದೆ ಕೈ ನಿಂತುಬಿಡೋದಕ್ಕೆ ಬಹಳ ಸಲ ಕಾರಣ ಪೈಥಾನ್ ಬಾರದೆ ಇರೋದಲ್ಲ, ಏನು ಮಾಡಬೇಕು ಅಂತ ಇನ್ನೂ ಯೋಚಿಸದೆ ಇರೋದು.

ಚಾಟ್‌ಜಿಪಿಟಿ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಯಾಕಂದರೆ ಈ ಗೋಡೆ ಬಂದಾಗಲೇ ಕೈ ಅದರ ಕಡೆ ಹೋಗೋದು. 2022ರ ಕೊನೆಯಲ್ಲಿ ಅದು ಬಂದ ಮೇಲೆ ಹಾಲಿನ ಲೆಕ್ಕದಂಥದ್ದು ಹತ್ತು ಸೆಕೆಂಡಿನ ಕೆಲಸ. ಕೆಲಸ ಆಗಬೇಕಿದ್ದರೆ ಧಾರಾಳವಾಗಿ ಬಳಸಿ. ಕಲಿಯಬೇಕಿದ್ದರೆ ಮೊದಲ 80 ಗಂಟೆ "ಬರೆದುಕೊಡು" ಅಂತ ಕೇಳಬೇಡಿ. ಎರರ್ ಮೆಸೇಜ್ ಅಂಟಿಸಿ "ಇದರ ಅರ್ಥ ಏನು, ಕನ್ನಡದಲ್ಲಿ ಹೇಳು, ಉತ್ತರದ ಕೋಡ್ ಕೊಡಬೇಡ" ಅಂತ ಕೇಳಿ. ಅದಕ್ಕೂ ಮುಂಚೆ ನೀವೇ ಇಪ್ಪತ್ತು ನಿಮಿಷ ಒದ್ದಾಡಿರಬೇಕು, ಗಡಿಯಾರ ನೋಡಿಕೊಂಡು.

ಬಿಡಬೇಕಾದದ್ದು

ದಿನಕ್ಕೆ ಒಂದು ಗಂಟೆ ಎಲ್ಲಿಂದಲೋ ಬರಬೇಕು. ರೀಲ್ಸ್‌ನಿಂದ ಬಂದರೆ ಒಳ್ಳೆಯದು, ನಿದ್ದೆಯಿಂದ ಬರಬಾರದು. ಐಪಿಎಲ್ ಎರಡು ತಿಂಗಳು ನಡೆಯುತ್ತದೆ, ಆರ್‌ಸಿಬಿ ಮ್ಯಾಚ್ ಇದ್ದ ದಿನ ಕೂರು ಅಂದರೆ ಯಾರೂ ಕೂರೋದಿಲ್ಲ, ಅದನ್ನು ಮೊದಲೇ ರಜೆ ಅಂತ ಬರೆದಿಡಿ. ಹಬ್ಬ, ಜಾತ್ರೆ, ಪರೀಕ್ಷೆ, ಆಫೀಸಿನ ಮಾರ್ಚ್ ತಿಂಗಳು, ಎಲ್ಲಕ್ಕೂ ಇದೇ ಮಾತು. ಒಂದು ದಿನ ತಪ್ಪಿದರೆ ತಲೆ ಕೆಡಿಸಿಕೊಳ್ಳಬೇಡಿ, ಎರಡು ದಿನ ಸತತ ತಪ್ಪಿದರೆ ಮೂರನೇ ದಿನ ಹದಿನೈದು ನಿಮಿಷ ಆದರೂ ಕೂತು ಹಳೇದನ್ನೊಂದು ಮತ್ತೆ ಬರೆಯಿರಿ. ತಪ್ಪಿದ್ದನ್ನು ಸರಿದೂಗಿಸೋಕೆ ಮರುದಿನ ಮೂರು ಗಂಟೆ ಕೂರಬೇಡಿ, ನಾಲ್ಕನೇ ದಿನ ಮತ್ತೆ ತಪ್ಪುತ್ತದೆ.

ಕೆಲಸ ಬದಲಾಯಿಸೋಕೆ ಹೊರಟವರಿಗೆ ಇದು ಮನೆಯವರ ವಿಷಯವೂ ಹೌದು. ದಿನಕ್ಕೆ 3 ಗಂಟೆ, ಒಂದು ವರ್ಷ ಅಂದರೆ ಸಂಜೆಗಳೆಲ್ಲ ಹೋದ ಹಾಗೆ. ಮಕ್ಕಳ ಹೋಮ್‌ವರ್ಕ್, ಅಪ್ಪ ಅಮ್ಮನ ಆಸ್ಪತ್ರೆ, ಮನೆಗೆಲಸ ಇವೆಲ್ಲ ಯಾರು ನೋಡುತ್ತಾರೆ ಅಂತ ಮೊದಲೇ ಮಾತಾಡಿಕೊಳ್ಳದೆ ಶುರು ಮಾಡಿದರೆ ಮೂರನೇ ತಿಂಗಳಿಗೆ ಜಗಳ. ಇರುವ ಕೆಲಸವನ್ನು ಬಿಟ್ಟು ಕಲಿಯೋಕೆ ಕೂರಬೇಡಿ, ಕನಿಷ್ಠ 300 ಗಂಟೆ ಆಗೋವರೆಗಾದರೂ. ಆ 300ರ ಒಳಗೆ ಗಿಟ್ (ಕೋಡಿನಲ್ಲಿ ಮಾಡಿದ ಬದಲಾವಣೆಗಳ ದಾಖಲೆ ಇಡುವ ಸಾಫ್ಟ್‌ವೇರ್) ಮತ್ತು ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆ) ಎರಡಕ್ಕೂ ಜಾಗ ಮಾಡಿ. ಎಸ್‌ಕ್ಯೂಎಲ್‌ಗೆ 25, 30 ಗಂಟೆ ಹಾಕಿದರೆ ದಿನಬಳಕೆಯದ್ದು ಬರುತ್ತದೆ, ಹೊಸಬರು ಸುಮ್ನೆ ಅದನ್ನು ಆಮೇಲೆ ಅಂತ ತಳ್ಳುತ್ತಾರೆ.

80 ಗಂಟೆ ಆದ ದಿನ ಒಂದು ಪರೀಕ್ಷೆ ಇಟ್ಟುಕೊಳ್ಳಿ. ನೆಟ್ ಆಫ್ ಮಾಡಿ, ಖಾಲಿ ಫೈಲ್ ತೆರೆದು, ಹಾಲಿನ ಲೆಕ್ಕವನ್ನು ಮೊದಲಿಂದ ಬರೆಯಿರಿ: ಹದಿನೈದು ದಿನದ್ದು, ಖಾಲಿ ಬಿಟ್ಟರೂ ಬೀಳಬಾರದು, ಫೈಲಿಗೆ ಉಳಿಸಬೇಕು. ಎರಡು ಗಂಟೆ ಟೈಮ್. ಆಗಲಿಲ್ಲ ಅಂದರೆ ಎಲ್ಲಿ ಸಿಕ್ಕಿಹಾಕಿಕೊಂಡಿರಿ ಅಂತ ಗುರುತು ಮಾಡಿ, ಆ ಭಾಗಕ್ಕೆ ಇನ್ನು 20 ಗಂಟೆ ಕೊಟ್ಟು ಮತ್ತೆ ಕೂರಿ. ಆಯಿತು, ಮಾಡುವಾಗ ಟೈಮ್ ಹೋದದ್ದೇ ಗೊತ್ತಾಗಲಿಲ್ಲ ಅಂದರೆ ಮುಂದಿನ 220 ಗಂಟೆಗೆ ಯೋಜನೆ ಹಾಕಿ. ಆಯಿತು, ಆದರೆ ಪೂರ್ತಿ ಹೊತ್ತು ಹಿಂಸೆ ಅನ್ನಿಸಿತು ಅಂದರೆ ಇಲ್ಲಿಗೆ ಬಿಡಬಹುದು. ಎಕ್ಸೆಲ್ ಜೊತೆ ದಿನಾ ಗುದ್ದಾಡುವವರಿಗೆ ಕಲಿತಷ್ಟು ಹೇಗೂ ಉಪಯೋಗಕ್ಕೆ ಬರುತ್ತದೆ, ಫೀಸಂತೂ ಕಟ್ಟಿಲ್ಲ.